ಮಣಿಯಬೇಕಾದ್ದು ನೆಲವೋ, ಟೈರೋ?

ಥಾರ್ ಅಥವಾ ಹಳೆಯ ಜಿಪ್ಸಿ ಕೊಂಡು, ಅದರ ಸಸ್ಪೆನ್ಶನ್ ಎತ್ತರಿಸಿ, ದಪ್ಪ ಹಲ್ಲಿನ ಟೈರ್ ಏರಿಸಿ, ಮುಂದೆ ಉಕ್ಕಿನ ಬಂಪರ್, ಅದರ ಮೇಲೊಂದು ವಿಂಚ್, ನೆತ್ತಿಗೆ ಕ್ಯಾರಿಯರ್ ಕೂರಿಸುವುದು ಬೆಂಗಳೂರು, ಮಡಿಕೇರಿ, ಸಕಲೇಶಪುರಗಳಲ್ಲಿ ಈಗ ಅಪರೂಪದ ನೋಟವಲ್ಲ. ಲಕ್ಷಗಟ್ಟಲೆ ಸುರಿದು ಗಾಡಿ ಸಿದ್ಧವಾದ ಮೇಲೆ, ಹೆಚ್ಚುಕಮ್ಮಿ ಪುಕ್ಕಟೆಯಾಗಿ ಇತ್ಯರ್ಥವಾಗಬೇಕಾದ ಒಂದು ಪ್ರಶ್ನೆ ಉಳಿಯುತ್ತದೆ: ಟೈರಿಗೆ ಎಷ್ಟು ಗಾಳಿ ಹಿಡಿಸಬೇಕು? ಪಂಕ್ಚರ್ ಅಂಗಡಿಯವರು 35 ಪಿಎಸ್‌ಐ ಎನ್ನುತ್ತಾರೆ. ಜೊತೆಯಲ್ಲಿ ಗಾಡಿ ಓಡಿಸುವ ಗೆಳೆಯ 28 ಸಾಕು ಎನ್ನುತ್ತಾನೆ. ಗೋವಾದ ಮಳೆಗಾಡಿನಲ್ಲಿ 2014ರಿಂದ ನಡೆಯುತ್ತ ಬಂದಿರುವ ರೈನ್‌ಫಾರೆಸ್ಟ್ ಚಾಲೆಂಜ್‌ನಂಥ ಸ್ಪರ್ಧೆಗಳಲ್ಲಿ ಪಳಗಿದವರನ್ನು ಕೇಳಿದರೆ 12ಕ್ಕೂ ಇಳಿಸಬಹುದು ಎಂದಾರು. ಮೂವರೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಆದರೆ ಮೂವರ ಉತ್ತರವೂ ಅರ್ಧ ಉತ್ತರ, ಏಕೆಂದರೆ ಎಷ್ಟು ಹೊರೆಗೆ, ಯಾವ ನೆಲಕ್ಕೆ, ಯಾವ ವೇಗಕ್ಕೆ ಎಂಬುದನ್ನು ಆ ಅಂಕಿಗಳು ಹೇಳುವುದಿಲ್ಲ.

ಟೈರು ನೆಲವನ್ನು ಒತ್ತಿದಾಗ ಎರಡರಲ್ಲಿ ಒಂದು ಮಣಿಯಲೇಬೇಕು. ಡಾಂಬರು ರಸ್ತೆ ಮಣಿಯುವುದಿಲ್ಲ, ಆದ್ದರಿಂದ ಅಲ್ಲಿ ಮಣಿಯುವುದೆಲ್ಲ ಟೈರಿನ ಪಾಲು. ಮರಳು, ಕೆಸರು, ಹಿಮ ಸುಲಭವಾಗಿ ಮಣಿಯುತ್ತವೆ. ಅಲ್ಲಿ ಟೈರು ಬಿಗಿಯಾಗಿದ್ದರೆ ನೆಲ ಕುಸಿದು ಗುಂಡಿಯಾಗುತ್ತದೆ, ಚಕ್ರ ತಾನೇ ತೋಡಿದ ಗುಂಡಿಯನ್ನು ತಾನೇ ಹತ್ತುತ್ತ ಸಾಗಬೇಕಾಗುತ್ತದೆ. ಎರಡರಲ್ಲಿ ಯಾವುದು ಎಷ್ಟು ಮಣಿಯಬೇಕು ಎಂದು ತೀರ್ಮಾನಿಸುವುದು ಒಳಗಿನ ಗಾಳಿ. ಆದರೆ ಟೈರು ಮಣಿದಾಗಲೆಲ್ಲ ಬಿಸಿಯಾಗುತ್ತದೆ, ವೇಗ ಹೆಚ್ಚಿದಷ್ಟೂ ಆ ಬಿಸಿ ಆರಲು ಬಿಡುವು ಸಿಗುವುದಿಲ್ಲ. ಹಾಗಾಗಿ ಗಾಳಿಯ ಒತ್ತಡವನ್ನೂ ಓಡಿಸುವ ವೇಗವನ್ನೂ ಬೇರೆ ಬೇರೆ ನಿರ್ಧಾರಗಳೆಂದು ನೋಡುವುದೇ ತಪ್ಪು. ಅವೆರಡೂ ಒಟ್ಟಿಗೆ ಆಗಬೇಕಾದ ಒಂದೇ ನಿರ್ಧಾರ ಎಂಬುದು ಈ ಲೇಖನದ ವಾದ. ಮಾರ್ಪಡಿಸಿದ ಗಾಡಿಗಳ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಜ, ಏಕೆಂದರೆ ಕಾರ್ಖಾನೆ ಕೊಟ್ಟಿದ್ದ ಸಿದ್ಧ ಉತ್ತರವನ್ನು ಅವು ತಾವಾಗಿಯೇ ಕೈಬಿಟ್ಟಿರುತ್ತವೆ.

ಆ ಸಿದ್ಧ ಉತ್ತರ ಚಾಲಕನ ಬಾಗಿಲ ಕಂಬದ ಮೇಲಿನ ಸ್ಟಿಕರಿನಲ್ಲಿರುತ್ತದೆ. ಅಲ್ಲಿ ಅಚ್ಚಾಗಿರುವ ಒತ್ತಡ ನಿರ್ದಿಷ್ಟ ಅಳತೆಯ, ನಿರ್ದಿಷ್ಟ ಬಗೆಯ ಟೈರಿಗೆ, ಕಂಪನಿ ಲೆಕ್ಕ ಹಾಕಿದ ಭಾರಕ್ಕೆ, ಹೆದ್ದಾರಿಯ ವೇಗಕ್ಕೆ ಕಂಡುಕೊಂಡ ಅಂಕಿ. ತಿರುವಿನಲ್ಲಿ ಗಾಡಿಯ ಹಿಡಿತ, ಬ್ರೇಕ್ ಹಿಡಿಯುವ ದೂರ, ಒಳಗೆ ಕೂತವರ ಸುಖ, ಇಂಧನದ ಉಳಿತಾಯ ಎಲ್ಲವನ್ನೂ ತೂಗಿ ನೋಡಿಯೇ ಅದನ್ನು ನಿಗದಿ ಮಾಡಿರುತ್ತಾರೆ. ಗಾಡಿ ಮೂಲ ಸ್ಥಿತಿಯಲ್ಲಿರುವವರೆಗೆ ಅದಕ್ಕಿಂತ ಒಳ್ಳೆಯ ಸಲಹೆ ಸಿಗುವುದು ಕಷ್ಟ. ಟೈರಿನ ಅಳತೆ, ಅದರ ಕಟ್ಟೋಣ, ಗಾಡಿಯ ತೂಕ, ಆ ತೂಕ ಮುಂದೆ ಹಿಂದೆ ಹಂಚಿಹೋಗಿರುವ ರೀತಿ, ಗಾಡಿಯ ಎತ್ತರ ಇವೆಲ್ಲ ಬದಲಾದ ಮೇಲೆ ಮಾತ್ರ ಅದು ಬೇರೊಂದು ಗಾಡಿಯ ಅಂಕಿಯಾಗುತ್ತದೆ. ಉಕ್ಕಿನ ಬಂಪರ್ ಮತ್ತು ವಿಂಚ್ ಮುಂದಿನ ಆಕ್ಸಲ್ ಮೇಲೆ ಕೂರುತ್ತವೆ. ನೀರಿನ ಕ್ಯಾನು, ಡೀಸೆಲ್ ಕ್ಯಾನು, ಹೆಚ್ಚುವರಿ ಬ್ಯಾಟರಿ, ಹಿಂಬಾಗಿಲಿಗೆ ನೇತುಹಾಕಿದ ದೊಡ್ಡ ಸ್ಟೆಪ್ನಿ ಹಿಂದಿನ ಆಕ್ಸಲ್ ಮೇಲೆ. ನೆತ್ತಿಯ ಮೇಲಿನ ಟೆಂಟು ತೂಕವನ್ನಷ್ಟೇ ಅಲ್ಲದೆ ತೂಗಾಟವನ್ನೂ ಹೆಚ್ಚಿಸುತ್ತದೆ. ಆದ್ದರಿಂದ ಮೊದಲ ಕೆಲಸ ಆಗಬೇಕಾದ್ದು ಊರ ಹೊರಗೆ ಲಾರಿಗಳನ್ನು ತೂಗುವ ವೇಬ್ರಿಡ್ಜ್‌ನಲ್ಲಿ. ಪ್ರಯಾಣಕ್ಕೆ ಹೊರಡುವಂತೆಯೇ ಜನ, ಸಾಮಾನು, ಇಂಧನ ತುಂಬಿಕೊಂಡು, ಮೊದಲು ಮುಂದಿನ ಚಕ್ರಗಳನ್ನಷ್ಟೇ ತಕ್ಕಡಿಯ ಮೇಲೆ ನಿಲ್ಲಿಸಿ, ಆಮೇಲೆ ಪೂರ್ತಿ ಗಾಡಿ, ಕೊನೆಗೆ ಹಿಂದಿನ ಚಕ್ರಗಳನ್ನಷ್ಟೇ ತೂಗಿಸಿದರೆ ಪ್ರತಿ ಚಕ್ರ ಹೊರುತ್ತಿರುವ ಹೊರೆ ಸುಮಾರಾಗಿ ತಿಳಿಯುತ್ತದೆ. ಕೆಲವೇ ರೂಪಾಯಿಯ ಈ ತೂಕದ ಚೀಟಿ ಇಲ್ಲದೆ ನಡೆಯುವ ಗಾಳಿಯ ಚರ್ಚೆಯೆಲ್ಲ ಅಂದಾಜಿನ ಮೇಲಿನ ಅಂದಾಜು.

ಹೊರೆ ತಿಳಿದ ಮೇಲೆ ಟೈರಿನ ಪಕ್ಕೆಯ ಮೇಲಿನ ಬರಹವನ್ನು ಓದಬೇಕು. ಲೆಕ್ಕಕ್ಕೊಂದು ಉದಾಹರಣೆ ಇಟ್ಟುಕೊಳ್ಳೋಣ. ಎಲ್ಲ ಸೇರಿ 2,400 ಕಿಲೋ ತೂಗುವ ಗಾಡಿಯಲ್ಲಿ ಹಿಂದಿನ ಆಕ್ಸಲ್‌ಗೆ 1,300 ಕಿಲೋ ಬಿದ್ದರೆ ಒಂದೊಂದು ಹಿಂಚಕ್ರದ ಪಾಲು 650 ಕಿಲೋ. ಥಾರ್‌ನ ಮೇಲ್ದರ್ಜೆಯ ಮಾದರಿಗಳಲ್ಲಿ ಬರುವ 255/65 ಆರ್18 ಅಳತೆಯ ಸಾಧಾರಣ ಟೈರಿಗೆ ಲೋಡ್ ಇಂಡೆಕ್ಸ್ ಸಾಮಾನ್ಯವಾಗಿ 111. ಅಂದರೆ ಸುಮಾರು 36 ಪಿಎಸ್‌ಐ ಗಾಳಿಯಲ್ಲಿ ಅದು 1,090 ಕಿಲೋ ಹೊರಬಲ್ಲದು. ಮಾರ್ಪಾಡಿನಲ್ಲಿ ಅದರ ಜಾಗಕ್ಕೆ ಬರುವ ಎಲ್‌ಟಿ (ಲೈಟ್ ಟ್ರಕ್) 285/70 ಆರ್17, ಲೋಡ್ ರೇಂಜ್ ಇ ಟೈರಿನ ಇಂಡೆಕ್ಸ್ 121. ಅದು 1,450 ಕಿಲೋ ಹೊರುತ್ತದೆ, ಆದರೆ 80 ಪಿಎಸ್‌ಐ ಗಾಳಿಯಿದ್ದಾಗ ಮಾತ್ರ. ಸರಳ ಅನುಪಾತ ಹಾಕಿದರೆ 650 ಕಿಲೋ ಹೊರಲು ಮೊದಲ ಟೈರಿಗೆ 21-22 ಪಿಎಸ್‌ಐ ಸಾಕು, ಎರಡನೆಯದಕ್ಕೆ 36 ಬೇಕು. ನಿಜದಲ್ಲಿ ಹೊರೆ ಮತ್ತು ಒತ್ತಡದ ಸಂಬಂಧ ಇಷ್ಟು ನೇರವಲ್ಲ, ಸರಳ ಅನುಪಾತ ಸ್ವಲ್ಪ ಹೆಚ್ಚಿನ ಅಂಕಿಯನ್ನೇ ಕೊಡುತ್ತದೆ. ಹೊರೆ ಹೊರಲಷ್ಟೇ ಬೇಕಾದ ಈ ಅಂಕಿಯ ಮೇಲೆ, ಗಾಡಿ ತಿರುವಿನಲ್ಲಿ ತೂಗಾಡದಂತೆ ತಯಾರಕರು ಇನ್ನೊಂದಷ್ಟು ಸೇರಿಸಿಯೂ ಇರುತ್ತಾರೆ. ಟೈರು ಕಂಪನಿಗಳ ಹೊರೆ-ಒತ್ತಡದ ಪಟ್ಟಿ ಸಿಕ್ಕರೆ ಅದನ್ನೇ ನಂಬಬೇಕು. ಆದರೂ ಈ ಹೋಲಿಕೆ ಒಂದು ಸಾಮಾನ್ಯ ಭ್ರಮೆಯನ್ನು ಒಡೆಯುತ್ತದೆ. ದಪ್ಪ ಟೈರು, ಪ್ಲೈ (ಒಳಪದರ) ಜಾಸ್ತಿ, ಅದಕ್ಕೆ ಗಾಳಿ ಕಡಿಮೆಯಾದರೂ ನಡೆಯುತ್ತದೆ ಎನ್ನುವವರಿದ್ದಾರೆ. ಹೊರೆಯನ್ನು ಹೊರುವುದು ಬಹುಪಾಲು ಗಾಳಿಯೇ. ಪ್ಲೈಗಳು ಆ ಗಾಳಿಯನ್ನು ಹಿಡಿದಿಡುತ್ತವೆ ಅಷ್ಟೆ. ಇದಕ್ಕೆ ತದ್ವಿರುದ್ಧವಾಗಿ, ಪಕ್ಕೆಯ ಮೇಲೆ 80 ಎಂದು ಬರೆದಿದೆಯೆಂದು 60 ಹಿಡಿಸುವವರೂ ಇದ್ದಾರೆ. ಅದು ಗರಿಷ್ಠ ಹೊರೆಗೆ ಬೇಕಾದ ಒತ್ತಡ. ಅದರ ಅರ್ಧಕ್ಕಿಂತ ಕಡಿಮೆ ಹೊರೆ ಇರುವ ಗಾಡಿಯಲ್ಲಿ ಅಷ್ಟು ಬಿಗಿದರೆ ಟೈರಿನ ನಡುಭಾಗ ಮಾತ್ರ ನೆಲ ಕಚ್ಚಿ, ಗಾಡಿ ಕುಪ್ಪಳಿಸುತ್ತದೆ, ಬ್ರೇಕಿನ ಹಿಡಿತವೂ ತಗ್ಗುತ್ತದೆ.

ರಸ್ತೆಯ ಅಂಕಿ ಸಿಕ್ಕಿತು ಎಂದುಕೊಳ್ಳೋಣ. ರಸ್ತೆ ಬಿಟ್ಟೊಡನೆ ಅದನ್ನು ಇಳಿಸಬೇಕಾದ್ದೇಕೆ? ಚಕ್ರವೊಂದರ ಮೇಲೆ 600 ಕಿಲೋ ಹೊರೆಯಿದ್ದು 32 ಪಿಎಸ್‌ಐ ಗಾಳಿಯಿದ್ದರೆ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋ ಒತ್ತಡವಿದ್ದರೆ, ಟೈರು ನೆಲಕ್ಕೆ ತಾಗುವ ಜಾಗ ಲೆಕ್ಕದ ಪ್ರಕಾರ 267 ಚದರ ಸೆಂಟಿಮೀಟರ್. 16ಕ್ಕೆ ಇಳಿಸಿದರೆ ಅದು 533 ಆಗುತ್ತದೆ. ಪಕ್ಕೆಗಳ ಬಿಗುಪೂ ಒಂದಿಷ್ಟು ಹೊರೆ ಹೊರುವುದರಿಂದ ನಿಜವಾದ ಹೆಚ್ಚಳ ಇಷ್ಟಿರುವುದಿಲ್ಲ, ಆದರೂ ಗಣನೀಯ. ಈ ಹೆಚ್ಚಳ ಬರುವುದು ಅಗಲದಲ್ಲಲ್ಲ, ಬಹುಪಾಲು ಉದ್ದದಲ್ಲಿ. ಅಡ್ಡಲಾಗಿದ್ದ ಹೆಜ್ಜೆಗುರುತು ಉದ್ದುದ್ದಕ್ಕೆ ಚಾಚಿಕೊಳ್ಳುತ್ತದೆ, ಹೆಚ್ಚು ಹಲ್ಲುಗಳು ಒಂದರ ಹಿಂದೊಂದು ನೆಲ ಹಿಡಿಯುತ್ತವೆ. ಕೆಸರುಗದ್ದೆಯ ಮೇಲೆ ಹಲಗೆ ಹಾಸಿ ನಡೆದಂತೆ, ಅದೇ ತೂಕ ಹೆಚ್ಚು ಜಾಗಕ್ಕೆ ಹಂಚಿಹೋಗಿ ನೆಲ ಕುಸಿಯುವುದು ತಪ್ಪುತ್ತದೆ. ಇದು ಇತ್ತೀಚಿನ ಜಾಣತನವೇನೂ ಅಲ್ಲ. 1920ರ ದಶಕದ ಕೊನೆ ಮತ್ತು 30ರ ದಶಕದ ಆರಂಭದಲ್ಲಿ ಲಿಬಿಯಾ ಮರುಭೂಮಿಯ ಮರಳುದಿಬ್ಬಗಳನ್ನು ಫೋರ್ಡ್ ಕಾರುಗಳಲ್ಲಿ ದಾಟಿದ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ ಮತ್ತು ಸಂಗಡಿಗರು ಗಾಳಿ ಇಳಿಸುವುದನ್ನು ಮರಳಿನ ಪ್ರಯಾಣದ ಮೂಲಪಾಠವಾಗಿ ಕಲಿತರು. ಅದೇ ಬ್ಯಾಗ್ನಾಲ್ಡ್ 1940ರಲ್ಲಿ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂಬ ಸೇನಾ ತುಕಡಿ ಕಟ್ಟಿದಾಗ ಈ ಪಾಠ ಯುದ್ಧಕ್ಕೂ ಬಂತು. ಎರಡನೇ ಮಹಾಯುದ್ಧದ ಡಿಯುಕೆಡಬ್ಲ್ಯು ಎಂಬ ನೀರು-ನೆಲ ಎರಡರಲ್ಲೂ ಓಡುವ ಅಮೆರಿಕನ್ ಲಾರಿಯಲ್ಲಿ ಚಾಲಕ ಕೂತಲ್ಲಿಂದಲೇ ಆರೂ ಚಕ್ರಗಳ ಗಾಳಿಯನ್ನು ಏರಿಸಿ ಇಳಿಸಬಹುದಿತ್ತು. ಸಮುದ್ರದಿಂದ ಮೃದುವಾದ ಮರಳಿಗೆ, ಅಲ್ಲಿಂದ ಗಟ್ಟಿ ರಸ್ತೆಗೆ ಕೆಲವೇ ನಿಮಿಷಗಳಲ್ಲಿ ಏರಬೇಕಿದ್ದ ಗಾಡಿಗೆ ಯಾವ ಒಂದು ಒತ್ತಡವೂ ಸಾಲದು ಎಂಬುದನ್ನು ಅದನ್ನು ರೂಪಿಸಿದವರು ಒಪ್ಪಿಕೊಂಡಿದ್ದರು. ಐಸ್‌ಲ್ಯಾಂಡಿನ ಹಿಮನದಿಗಳ ಮೇಲೆ 38, 44 ಇಂಚಿನ ಟೈರುಗಳ ಮಾರ್ಪಡಿಸಿದ ಗಾಡಿಗಳು 2ರಿಂದ 4 ಪಿಎಸ್‌ಐಯಲ್ಲಿ ಹಿಮದ ಮೇಲೆ ತೇಲಿದಂತೆ ಸಾಗುವುದು ಇದೇ ತತ್ವದ ಕಟ್ಟಕಡೆಯ ರೂಪ.

ಇಷ್ಟು ಲಾಭವಿದ್ದರೆ ಯಾವಾಗಲೂ ಕಡಿಮೆ ಗಾಳಿಯಲ್ಲೇ ಏಕೆ ಓಡಿಸಬಾರದು? ಇಲ್ಲಿ ವೇಗ ಎದುರಾಗುತ್ತದೆ. 33 ಇಂಚಿನ ಟೈರಿನ ಸುತ್ತಳತೆ ಸುಮಾರು 2.6 ಮೀಟರ್. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಎಂಟು ಸುತ್ತಿಗೂ ಹೆಚ್ಚು ತಿರುಗುತ್ತದೆ. ಅಂದರೆ ಪಕ್ಕೆಯ ಪ್ರತಿಯೊಂದು ಭಾಗ ಸೆಕೆಂಡಿಗೆ ಎಂಟು ಬಾರಿ ಮಡಚಿ ಬಿಚ್ಚಿಕೊಳ್ಳುತ್ತದೆ. ಮಡಚಿದ ರಬ್ಬರು ಬಿಚ್ಚಿಕೊಳ್ಳುವಾಗ ತಾನು ಹೀರಿದ್ದನ್ನೆಲ್ಲ ಮರಳಿಸುವುದಿಲ್ಲ, ಉಳಿದದ್ದು ಶಾಖವಾಗುತ್ತದೆ. 20 ಕಿಲೋಮೀಟರ್ ವೇಗದಲ್ಲಿ ಇದು ಸೆಕೆಂಡಿಗೆ ಎರಡೇ ಬಾರಿ, ಶಾಖಕ್ಕೆ ಆರಲು ಅವಕಾಶವಿದೆ. ಹೆದ್ದಾರಿಯಲ್ಲಿ ಆ ಅವಕಾಶ ಇರುವುದಿಲ್ಲ. ಬಿಸಿಯಾದ ಟೈರಿನಲ್ಲಿ ಉಕ್ಕಿನ ಬೆಲ್ಟು ಮತ್ತು ರಬ್ಬರಿನ ಬೆಸುಗೆ ಸಡಿಲವಾಗಿ ಮೇಲಿನ ಪದರವೇ ಕಿತ್ತುಬರಬಹುದು. 2000ನೇ ಇಸವಿಯ ಆಗಸ್ಟಿನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ವಾಪಸು ಕರೆಸಿಕೊಂಡ ಪ್ರಕರಣ ಇದಕ್ಕೆ ದೊಡ್ಡ ಸಾಕ್ಷಿ. ಅವುಗಳಲ್ಲಿ ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿದ್ದವು. ಫೋರ್ಡ್ ಸೂಚಿಸಿದ್ದ ಒತ್ತಡ 26 ಪಿಎಸ್‌ಐ, ಟೈರು ಕಂಪನಿ 30 ಇರಬೇಕಿತ್ತು ಎಂದು ವಾದಿಸಿತು. ಟೈರಿನ ವಿನ್ಯಾಸ ಮತ್ತು ತಯಾರಿಕೆಯ ದೋಷಗಳೂ ತನಿಖೆಯಲ್ಲಿ ಹೊರಬಂದವು, ಹಾಗಾಗಿ ಎಲ್ಲವನ್ನೂ ಗಾಳಿಯ ತಲೆಗೆ ಕಟ್ಟುವಂತಿಲ್ಲ. ಆದರೆ ಅವಘಡಗಳು ಹೆಚ್ಚಾಗಿ ಸಂಭವಿಸಿದ್ದು ಟೆಕ್ಸಸ್, ಫ್ಲಾರಿಡಾ, ಅರಿಜೋನಾದಂಥ ಬಿಸಿನಾಡುಗಳ ಹೆದ್ದಾರಿಗಳಲ್ಲಿ ಎಂಬುದು ಗಮನಿಸಬೇಕಾದ ಸಂಗತಿ. ಹೊರೆ, ಬಿಸಿಲು, ವೇಗ, ಕಡಿಮೆ ಗಾಳಿ ಇವು ಸೇರಿದಾಗ ನಾಲ್ಕೈದು ಪಿಎಸ್‌ಐ ಕೂಡ ಚಿಲ್ಲರೆ ಮಾತಾಗಿ ಉಳಿಯುವುದಿಲ್ಲ. ಆ ವರ್ಷವೇ ಅಲ್ಲಿ ಜಾರಿಗೆ ಬಂದ ಟ್ರೆಡ್ ಕಾಯ್ದೆಯ ಫಲವಾಗಿ ಹೊಸ ಕಾರುಗಳಲ್ಲಿ ಟೈರಿನ ಒತ್ತಡ ತಿಳಿಸುವ ವ್ಯವಸ್ಥೆ ಕಡ್ಡಾಯವಾಯಿತು.

ಮಳೆಗಾಲದಲ್ಲಿ ಇನ್ನೊಂದು ಅಪಾಯವಿದೆ. ರಸ್ತೆಯ ಮೇಲೆ ನಿಂತ ನೀರಿನ ಪದರವೇ ಟೈರನ್ನು ಎತ್ತಿ ಹಿಡಿದು, ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗದಂತಾಗುವ ವೇಗ ಟೈರಿನ ಒತ್ತಡದ ವರ್ಗಮೂಲದೊಂದಿಗೆ ಏರುತ್ತದೆ ಎಂದು 1960ರ ದಶಕದಲ್ಲಿ ನಾಸಾ ನಡೆಸಿದ ಪ್ರಯೋಗಗಳು ತೋರಿಸಿದವು. ಸವೆದ ಟೈರಿಗೆ, ಅಥವಾ ಹಲ್ಲಿನ ಆಳವನ್ನೂ ಮೀರಿದ ನೀರಿಗೆ ಆ ಸೂತ್ರ 36 ಪಿಎಸ್‌ಐಯಲ್ಲಿ ಗಂಟೆಗೆ ಸುಮಾರು 100 ಕಿಲೋಮೀಟರ್, 16ರಲ್ಲಿ ಸುಮಾರು 67 ಎನ್ನುತ್ತದೆ. ವಿಮಾನದ ಟೈರುಗಳಿಂದ ಹುಟ್ಟಿದ ಸೂತ್ರವಾದ್ದರಿಂದ ಜೀಪಿಗೆ ಈ ಅಂಕಿಗಳು ತಂತಾನೇ ಅನ್ವಯಿಸುವುದಿಲ್ಲ, ಆದರೆ ಅವು ತೋರುವ ದಿಕ್ಕು ಸ್ಪಷ್ಟ. ಕಾಡುದಾರಿಗೆಂದು ಇಳಿಸಿದ ಗಾಳಿಯಲ್ಲೇ ಶಿರಾಡಿ ಘಾಟಿಯ ಮಳೆಯಲ್ಲಿ ಬೆಂಗಳೂರಿಗೆ ಧಾವಿಸುವುದು ಎರಡೆರಡು ರೀತಿಯಲ್ಲಿ ಅಪಾಯ ಆಹ್ವಾನಿಸಿದಂತೆ.

ಹಾಗಾದರೆ ಯಾವ ನೆಲಕ್ಕೆ ಎಷ್ಟು? 33 ಇಂಚಿನ ಎಲ್‌ಟಿ ಟೈರು ಹಾಕಿದ, ಎರಡೂಕಾಲರಿಂದ ಎರಡೂವರೆ ಟನ್ ತೂಗುವ ಗಾಡಿಗೆ ಆರಂಭದ ಅಂಕಿಗಳನ್ನು ಹೀಗೆ ಹೇಳಬಹುದು: ಡಾಂಬರಿಗೆ 32ರಿಂದ 38, ಜಲ್ಲಿ ಮತ್ತು ಕೊರಕಲು ಮಣ್ಣಿನ ದಾರಿಗೆ 25ರಿಂದ 28, ವೇಗ 60ರ ಒಳಗೆ, ಕಲ್ಲುಬಂಡೆ ಮತ್ತು ಆಳದ ಕೆಸರಿಗೆ 16ರಿಂದ 20, ವೇಗ 20-30, ಒಣ ಮರಳಿಗೆ 14ರಿಂದ 18, ವೇಗ 40ರ ಒಳಗೆ. ಸಿಕ್ಕಿಹಾಕಿಕೊಂಡು ಹೊರಬರಬೇಕಾದರೆ ಕೆಲವು ಮೀಟರುಗಳ ಮಟ್ಟಿಗೆ 10-12. ಮರಳಿಗೆ ಕೆಸರಿಗಿಂತ ಕಡಿಮೆ ಏಕೆಂದರೆ ಮರಳಿನ ಆಳದಲ್ಲಿ ಹಿಡಿಯಲು ಗಟ್ಟಿ ನೆಲ ಸಿಗುವುದಿಲ್ಲ, ಮೇಲೆ ತೇಲುವುದೊಂದೇ ದಾರಿ. ಕಲ್ಲಿಗೆ ಮತ್ತೂ ಇಳಿಸುವುದಿಲ್ಲ, ಏಕೆಂದರೆ ಕಲ್ಲಿನ ಅಂಚಿಗೂ ರಿಮ್ಮಿಗೂ ನಡುವೆ ಟೈರು ಸಿಕ್ಕಿ ಕತ್ತರಿಸಿಹೋಗಬಹುದು. ಕೆಸರಿನ ವಿಷಯದಲ್ಲಿ ಮಲೆನಾಡಿನ ಹಳೆಯ ಜೀಪು ಚಾಲಕರು ಒಂದು ಗಟ್ಟಿ ಆಕ್ಷೇಪ ಎತ್ತುತ್ತಾರೆ. ಕೊಡಚಾದ್ರಿ, ಮಾಂದಲಪಟ್ಟಿಗಳ ದಾರಿಯಲ್ಲಿ ಸಪೂರ ಟೈರಿನ ಜೀಪುಗಳು ಗಾಳಿ ಇಳಿಸದೆಯೇ ದಶಕಗಳಿಂದ ಏರಿಲ್ಲವೇ, ಕೆಸರನ್ನು ಸೀಳಿಕೊಂಡು ಗಟ್ಟಿ ನೆಲ ಮುಟ್ಟುವುದಲ್ಲವೇ ಸರಿಯಾದ ಉಪಾಯ ಎಂದು. ಮಾತು ಸರಿ, ಆದರೆ ಅದಕ್ಕೊಂದು ಷರತ್ತಿದೆ. ಮುರಕಲ್ಲಿನ ಮೇಲೆ ಗೇಣುದ್ದದ ಕೆಸರಿದ್ದರೆ ಸಪೂರ, ಬಿಗಿ ಟೈರು ಅದನ್ನು ಸೀಳಿ ತಳ ಹಿಡಿಯುತ್ತದೆ. ಗದಗ, ವಿಜಯಪುರಗಳ ಎರೆಮಣ್ಣು ನೆನೆದಾಗ ಅಂಥ ತಳ ಹತ್ತಿರದಲ್ಲೆಲ್ಲೂ ಸಿಗದು. ಅಲ್ಲಿ ಸೀಳಹೊರಟ ಚಕ್ರ ಆಕ್ಸಲ್‌ವರೆಗೆ ಇಳಿಯುತ್ತದೆ. ಅದಲ್ಲದೆ ಒಂದಡಿಗೆ ಹತ್ತಿರದ ಅಗಲದ ಟೈರು ಹಾಕಿದವನು ಸಪೂರ ಟೈರಿನ ಉಪಾಯ ಮಾಡುವಂತಿಲ್ಲ. ಸೀಳುವ ಗುಣವನ್ನು ಅವನು ಟೈರು ಕೊಳ್ಳುವಾಗಲೇ ಬಿಟ್ಟುಕೊಟ್ಟಾಗಿದೆ. ಗಾಳಿ ಇಳಿಸಿದಾಗ ಟೈರಿನ ಹಲ್ಲುಗಳು ಬಾಗಿ ನಡುವೆ ತುಂಬಿದ ಅಂಟುಮಣ್ಣನ್ನು ಉದುರಿಸಿಕೊಳ್ಳುವ ಲಾಭವಾದರೂ ಅವನಿಗಿರಲಿ.

ಇನ್ನೊಂದು ಆಕ್ಷೇಪ ಟೈರಿನ ಸುರಕ್ಷತೆಯದು. ಕಡಿಮೆ ಗಾಳಿಯಲ್ಲಿ ಪಕ್ಕೆ ಉಬ್ಬಿ ಹೊರಚಾಚುತ್ತದೆ, ಚೂಪು ಕಲ್ಲಿಗೆ ಅದೇ ಮೊದಲು ಸಿಗುತ್ತದೆ, ಪಕ್ಕೆ ಹರಿದರೆ ಪಂಕ್ಚರ್ ಹಾಕಲಾಗದು ಎನ್ನುತ್ತಾರೆ. ಇದು ನಿಜ. ಆದರೆ ಬಿಗಿಯಾದ ಟೈರು ಕಲ್ಲನ್ನು ಅಪ್ಪಿಕೊಳ್ಳುವ ಬದಲು ಅದರ ತುದಿಯ ಮೇಲೆ ಇಡೀ ಹೊರೆ ಹೇರಿ ನಿಲ್ಲುತ್ತದೆ. ಆಗ ನಡುಭಾಗವೇ ತೂತಾಗುವ ಸಂಭವ ಹೆಚ್ಚು, ಜೊತೆಗೆ ಚಕ್ರ ಜಾರಿ ಪಕ್ಕೆಯೇ ಕಲ್ಲಿಗೆ ಉಜ್ಜುವುದೂ ಉಂಟು. ಒಂದು ಅಪಾಯ ತಗ್ಗಿಸಿದರೆ ಇನ್ನೊಂದು ಹೆಚ್ಚುತ್ತದೆ. ಎರಡನ್ನೂ ಒಟ್ಟಿಗೆ ತಗ್ಗಿಸುವ ಉಪಾಯವೆಂದರೆ ನಿಧಾನ. ನಡೆಯುವ ವೇಗದಲ್ಲಿ, ದಾರಿ ತೋರುವವನೊಬ್ಬ ಮುಂದೆ ನಿಂತಿದ್ದರೆ, 18 ಪಿಎಸ್‌ಐ ಟೈರು ಎಷ್ಟೋ ಕಲ್ಲುಗಳನ್ನು ಗಾಯವಿಲ್ಲದೆ ದಾಟಬಲ್ಲದು. ಬೀಡ್, ಅಂದರೆ ರಿಮ್ಮಿಗೆ ಕಚ್ಚಿ ಕೂರುವ ಟೈರಿನ ಅಂಚು ಕಳಚಿಬರುವ ಭಯವೂ ಇಂಥದ್ದೇ. ಆ ಅಂಚನ್ನು ಹಿಡಿದಿಡುವುದು ಒಳಗಿನ ಗಾಳಿಯೇ. 15ಕ್ಕಿಂತ ಕೆಳಗಿಳಿದ ಮೇಲೆ ವೇಗದಲ್ಲಿ ಸ್ಟೀರಿಂಗ್ ಗಕ್ಕನೆ ತಿರುಗಿಸಿದರೆ ಟೈರು ರಿಮ್ಮಿನಿಂದ ಜಾರಿ ಗಾಳಿಯೆಲ್ಲ ಒಮ್ಮೆಗೇ ಹೋಗಬಹುದು. ಹತ್ತರ ಕೆಳಗೆ ಓಡಿಸಲೇಬೇಕಾದವರು ಅಂಚನ್ನು ಬೋಲ್ಟಿನ ಬಳೆಯಿಂದ ಬಿಗಿಯುವ ಬೀಡ್‌ಲಾಕ್ ರಿಮ್ ಹಾಕುತ್ತಾರೆ. ಅದು ಸ್ಪರ್ಧೆಯ ಗಾಡಿಗೆ ತಕ್ಕದ್ದು. ಟ್ಯೂಬ್ ಹಾಕಿದ ಟೈರಿಗೆ ಇನ್ನೊಂದು ತೊಂದರೆ: ಗಾಳಿ ಕಡಿಮೆಯಾದಾಗ ಟೈರು ರಿಮ್ಮಿನ ಮೇಲೆ ಜಾರಿ, ಟ್ಯೂಬನ್ನೂ ಎಳೆದು, ವಾಲ್ವ್‌ನ ಬುಡವನ್ನೇ ಹರಿಯುತ್ತದೆ.

ಈ ಅಂಕಿಗಳು ನಿಮ್ಮ ಗಾಡಿಗೆ ಒಪ್ಪುತ್ತವೆಯೇ ಎಂದು ತಿಳಿಯಲು ಟೈರೇ ಹೇಳುವ ಸಾಕ್ಷ್ಯ ಕೇಳಬೇಕು. ರಸ್ತೆಯ ಒತ್ತಡಕ್ಕೆ ಆಸ್ಟ್ರೇಲಿಯಾದವರು ಬಳಸುವ ಒಂದು ಸರಳ ಪರೀಕ್ಷೆಯಿದೆ. ಬೆಳಿಗ್ಗೆ ಟೈರು ತಣ್ಣಗಿರುವಾಗ ಅಳೆದು, ಎಂದಿನ ವೇಗದಲ್ಲಿ ಒಂದು ಗಂಟೆ ಓಡಿಸಿ, ನಿಂತೊಡನೆ ಮತ್ತೆ ಅಳೆಯಬೇಕು. ಕಾರಿನ ಟೈರಿನಲ್ಲಿ ಸುಮಾರು 4, ಎಲ್‌ಟಿ ಟೈರಿನಲ್ಲಿ ಸುಮಾರು 6 ಪಿಎಸ್‌ಐ ಏರಿದ್ದರೆ ಆರಂಭದ ಒತ್ತಡ ಸರಿಯಿತ್ತು. ಅದಕ್ಕಿಂತ ಹೆಚ್ಚು ಏರಿದ್ದರೆ ಟೈರು ಅತಿಯಾಗಿ ಮಡಚಿಕೊಂಡು ಬಿಸಿಯಾಗಿದೆ, ಇನ್ನಷ್ಟು ಗಾಳಿ ಬೇಕು. ಏರಿಕೆ ಕಡಿಮೆಯಿದ್ದರೆ ತುಸು ಇಳಿಸಬಹುದು. ಇದು ಪ್ರಯೋಗಾಲಯದ ನಿಯಮವಲ್ಲ, ಆದರೆ ಇದರ ತರ್ಕ ಗಟ್ಟಿ, ಏಕೆಂದರೆ ಟೈರನ್ನು ಕೊಲ್ಲುವ ಶಾಖವನ್ನೇ ಇದು ಅಳೆಯುತ್ತದೆ. ಟೈರಿನ ಮೇಲೆ ಅಡ್ಡಲಾಗಿ ಸೀಮೆಸುಣ್ಣ ಬಳಿದು, ಸ್ವಲ್ಪ ದೂರ ನೇರ ಓಡಿಸಿ, ಎಲ್ಲಿ ಅಳಿಸಿದೆ ಎಂದು ನೋಡುವ ವಿಧಾನವೂ ಚಾಲ್ತಿಯಲ್ಲಿದೆ. ಗಾಳಿ ಜಾಸ್ತಿಯಾಗಿ ನಡುಭಾಗ ಮಾತ್ರ ತಾಗುತ್ತಿದ್ದರೆ ಅದು ಚೆನ್ನಾಗಿ ತೋರಿಸುತ್ತದೆ. ಗಾಳಿ ಕಡಿಮೆಯಾದದ್ದನ್ನು ಅಷ್ಟು ನಂಬಿಕೆಯಿಂದ ತೋರಿಸುವುದಿಲ್ಲ, ರೇಡಿಯಲ್ ಟೈರಿನ ಬೆಲ್ಟು ಆಗಲೂ ನೆಲಕ್ಕೆ ಚಪ್ಪಟೆಯಾಗಿಯೇ ಕೂತಿರುತ್ತದೆ. ಮೃದು ನೆಲಕ್ಕಾದರೆ ರಿಮ್ಮಿನ ಕೆಳ ಅಂಚಿನಿಂದ ನೆಲಕ್ಕಿರುವ ಎತ್ತರವನ್ನು ರಸ್ತೆಯ ಒತ್ತಡದಲ್ಲಿ ಅಳೆದು, ಅದು ಮುಕ್ಕಾಲಿಗೆ ಇಳಿಯುವವರೆಗೆ ಗಾಳಿ ಬಿಡುವುದು ರೂಢಿಯ ಅಳತೆ. ಇದು ಪಿಎಸ್‌ಐಗಿಂತ ಒಂದು ವಿಧದಲ್ಲಿ ಮೇಲು. ಎರಡು ಗಾಡಿಗಳ ತೂಕ, ಟೈರಿನ ಬಿಗುಪು ಬೇರೆಯಿದ್ದರೂ ಟೈರು ಎಷ್ಟು ಮಣಿದಿದೆ ಎಂಬುದನ್ನು ಇದು ನೇರವಾಗಿ ಹೇಳುತ್ತದೆ.

ಅಳೆಯುವಾಗ ಹವೆಯ ಆಟವೂ ನೆನಪಿರಬೇಕು. ಉಷ್ಣಾಂಶ ಸುಮಾರು ಐದೂವರೆ ಡಿಗ್ರಿ ಸೆಲ್ಸಿಯಸ್ ಬದಲಾದರೆ ಒತ್ತಡ ಹೆಚ್ಚುಕಡಿಮೆ ಒಂದು ಪಿಎಸ್‌ಐ ಬದಲಾಗುತ್ತದೆ. ಹಾಗಾಗಿ ಮಧ್ಯಾಹ್ನ ಓಡಿಸಿ ಬಿಸಿಯಾದ ಟೈರಿನಿಂದ ‘ಹೆಚ್ಚಾದ’ ಗಾಳಿ ಬಿಡುವುದು ಅದನ್ನು ಇನ್ನಷ್ಟು ಬಿಸಿಯಾಗಲು ಒಪ್ಪಿಸಿದಂತೆ. ಬೆಂಗಳೂರಿನಿಂದ ಲಡಾಖ್‌ಗೆ ಹೊರಟವರಿಗೆ ಎತ್ತರದ ಲೆಕ್ಕವೂ ಸೇರುತ್ತದೆ. ಸುಮಾರು 920 ಮೀಟರ್ ಎತ್ತರದಿಂದ 3,500 ಮೀಟರ್ ಎತ್ತರದ ಲೇಹ್‌ಗೆ ಹೋದಾಗ ಹೊರಗಿನ ವಾಯುಭಾರ ತಗ್ಗಿ ಗೇಜು ಸುಮಾರು ಮೂರೂವರೆ ಪಿಎಸ್‌ಐ ಹೆಚ್ಚು ತೋರಿಸಬೇಕು. ಆದರೆ ಅಲ್ಲಿನ ಬೆಳಗಿನ ಚಳಿ ಬೆಂಗಳೂರಿಗಿಂತ 20 ಡಿಗ್ರಿ ಕಡಿಮೆಯಿದ್ದರೆ ಸುಮಾರು ಮೂರು ಪಿಎಸ್‌ಐ ಇಳಿಯುತ್ತದೆ. ಒಂದು ಇನ್ನೊಂದನ್ನು ತಿಂದುಹಾಕಿ ಗೇಜು ಮೊದಲಿನಷ್ಟೇ ತೋರಬಹುದು. ಊಹೆಗೆ ಬಿಡದೆ ಪ್ರತಿದಿನ ಬೆಳಿಗ್ಗೆ ಅಳೆಯುವುದೇ ಇದಕ್ಕೆ ಪರಿಹಾರ. ನೈಟ್ರೋಜನ್ ತುಂಬಿಸಿದರೆ ಈ ಏರಿಳಿತ ಇಲ್ಲವಾಗುತ್ತದೆ ಎಂಬ ಮಾತು ನಂಬಲರ್ಹವಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಶೇ 78ರಷ್ಟು ನೈಟ್ರೋಜನ್ನೇ ಇದೆ, ಬಿಸಿಗೆ ಎರಡೂ ಒಂದೇ ರೀತಿ ಹಿಗ್ಗುತ್ತವೆ.

ಇಷ್ಟೆಲ್ಲ ಲೆಕ್ಕ ಯಾರಿಗೆ ಬೇಕು, ಅನುಭವಸ್ಥನಿಗೆ ಟೈರು ಕಣ್ಣಳತೆಗೇ ತಿಳಿಯುತ್ತದೆ ಎನ್ನುವವರಿಗೆ ಒಂದೇ ಉತ್ತರ: ಆ ಕಣ್ಣು ಪಳಗಿದ್ದು ಹಳೆಯ ಟೈರಿನಲ್ಲಿ. ಸಾಧಾರಣ ಟೈರು 20 ಪಿಎಸ್‌ಐಗೆ ಇಳಿದರೆ ಹೊಟ್ಟೆಬಿಟ್ಟಂತೆ ಕಾಣುತ್ತದೆ. ಹತ್ತು ಪ್ಲೈ ದರ್ಜೆಯ ಎಲ್‌ಟಿ ಟೈರು ಅದೇ ಒತ್ತಡದಲ್ಲೂ ನೆಟ್ಟಗೆ ನಿಂತಂತೆ ಕಾಣಿಸಿ ಮೋಸ ಮಾಡುತ್ತದೆ. ಪೆಟ್ರೋಲ್ ಬಂಕಿನ ಗೇಜುಗಳೂ ಒಂದಕ್ಕೊಂದು ತಾಳೆಯಾಗುವುದಿಲ್ಲ. 15ರ ಆಸುಪಾಸಿನಲ್ಲಿ ಎರಡು ಪಿಎಸ್‌ಐ ವ್ಯತ್ಯಾಸವೂ ದೊಡ್ಡದಾದ್ದರಿಂದ, ಕಡಿಮೆ ಒತ್ತಡವನ್ನು ಸ್ಪಷ್ಟವಾಗಿ ತೋರುವ ಒಂದು ಸ್ವಂತ ಗೇಜು ಇಟ್ಟುಕೊಂಡು ಅದನ್ನೇ ಎಲ್ಲೆಡೆ ಬಳಸಬೇಕು. ಇಳಿಸಿ ಏರಿಸುವುದು ಕಿರಿಕಿರಿ ಎಂಬ ಆಕ್ಷೇಪ ಪ್ರಾಮಾಣಿಕವಾದದ್ದು. ಬ್ಯಾಟರಿಯಿಂದ ಓಡುವ ಚಿಕ್ಕ ಕಂಪ್ರೆಸರ್ ನಾಲ್ಕು ದೊಡ್ಡ ಟೈರು ತುಂಬಿಸಲು ಸಾಕಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಆದರೆ ಆ ಹೊತ್ತನ್ನು ಕೊಡಲಾರದವನು ಗಾಳಿ ಇಳಿಸಲೂಬಾರದು. ತುಂಬಿಸಿಕೊಳ್ಳುವ ಸಾಧನ ಗಾಡಿಯಲ್ಲಿಲ್ಲದಿದ್ದರೆ, ರಸ್ತೆಯ ಒತ್ತಡದಲ್ಲೇ ಸಾಗಬಹುದಾದಲ್ಲಿಗೆ ಹೋಗಿ ಹಿಂತಿರುಗುವುದು ಲೇಸು.

ಮಾರ್ಪಾಡಿನ ಕಾನೂನನ್ನು ಇಲ್ಲಿ ಮರೆಯುವಂತಿಲ್ಲ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧರಿಸಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಇಂಥ ಗಾಡಿಗಳ ಜಾಗ ಸ್ಪರ್ಧೆಯ ಅಂಗಳ, ಖಾಸಗಿ ತೋಟ. ಅಲ್ಲಿಗೂ ಗಾಳಿಯ ಪ್ರಶ್ನೆ ಬೆನ್ನು ಬಿಡುವುದಿಲ್ಲ. ಅಮೆರಿಕದ ಅರಣ್ಯ ಇಲಾಖೆ 1980ರ ದಶಕದಿಂದ ದಿಮ್ಮಿ ಸಾಗಿಸುವ ಲಾರಿಗಳಲ್ಲಿ ಟೈರಿನ ಗಾಳಿ ಇಳಿಸಿ ಪ್ರಯೋಗ ಮಾಡಿ, ಮಣ್ಣುದಾರಿಗಳು ಕೊರಕಲು ಬೀಳುವುದು ಕಡಿಮೆಯಾಗುವುದನ್ನು ಕಂಡುಕೊಂಡಿತು. ಬಿಗಿ ಟೈರಿನ ಚಕ್ರ ಜಾರಿ ತೋಡಿದ ಗಾಡಿಜಾಡಿನಲ್ಲಿ ಆಷಾಢದ ಮಳೆನೀರು ಹರಿದು ಅದನ್ನು ಚರಂಡಿಯಾಗಿಸುತ್ತದೆ. ಆ ದಾರಿ ಬಹುತೇಕ ತೋಟದ ಕೂಲಿಯವರು, ಹಾಲು ಹಾಕುವವರು, ಶಾಲೆಯ ಮಕ್ಕಳು ದಿನವೂ ನಡೆಯುವ ದಾರಿ. ಮಣಿಯಬೇಕಾದ್ದು ನೆಲವೋ ಟೈರೋ ಎಂಬುದು ಹೀಗೆ ಗಾಡಿಯವನೊಬ್ಬನ ಲಾಭನಷ್ಟವಾಗಿ ಉಳಿಯುವುದಿಲ್ಲ. ಟೈರು ಮಣಿದರೆ ಅದರ ಬೆಲೆಯನ್ನು ಅವನು ತನ್ನ ವೇಗದಲ್ಲಿ, ತನ್ನ ಹೊತ್ತಿನಲ್ಲಿ ತೆರುತ್ತಾನೆ. ನೆಲ ಮಣಿದರೆ ಅದನ್ನು ತೆರುವವರು ಬೇರೆಯವರು. ವೇಬ್ರಿಡ್ಜ್‌ನ ಚೀಟಿ, ಒಂದು ಒಳ್ಳೆಯ ಗೇಜು, ಒಂದು ಕಂಪ್ರೆಸರ್, ಪ್ರತಿ ಒತ್ತಡದ ಎದುರಿಗೆ ಅದಕ್ಕೆ ಸಲ್ಲುವ ವೇಗವನ್ನು ಬರೆದಿಟ್ಟ ಪಟ್ಟಿ, ಇಷ್ಟಿಲ್ಲದೆ ಮಾರ್ಪಾಡು ಮುಗಿದಿದೆ ಎನ್ನುವಂತಿಲ್ಲ.